ನಾಲ್ಕೂಕಾಲು ಇಂಚಿನ ಮರದ ಕಥೆ

ಊರ ಬಯಲಲ್ಲಿ ಕ್ರಿಕೆಟ್ ಆಡುವ ಯಾವ ಹುಡುಗನನ್ನು ಬೇಕಾದರೂ ಕೇಳಿ ನೋಡಿ. ವಿರಾಟ್ ಕೊಹ್ಲಿಯ ಬ್ಯಾಟಿನ ಮೇಲೆ ಯಾವ ಸ್ಟಿಕ್ಕರ್ ಇದೆ ಎಂದು ಥಟ್ಟನೆ ಹೇಳುತ್ತಾನೆ. ಆ ಬ್ಯಾಟನ್ನು ಕೆತ್ತಿದ್ದು ಯಾರು ಎಂದು ಕೇಳಿ, ಮುಖ ಮುಖ ನೋಡುತ್ತಾನೆ. ಅವನದೇನೂ ತಪ್ಪಿಲ್ಲ. ಆಡಿದವರ ಹೆಸರು ಬರೆದಿಟ್ಟಷ್ಟು ಮುತುವರ್ಜಿಯಿಂದ ಬ್ಯಾಟು ಮಾಡಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಈಗ ಅಲ್ಲಲ್ಲಿ ಹವ್ಯಾಸಕ್ಕೆಂದು ಕೈಯಲ್ಲೇ ಬ್ಯಾಟು ಮಾಡಲು ಕಲಿಯುವವರು ಕಾಣಿಸುತ್ತಿದ್ದಾರೆ. ಮೊಬೈಲಿನಲ್ಲಿ ವಿಡಿಯೋ ನೋಡಿ, ಊರ ಆಚಾರಿಯ ಬಳಿ ಉಳಿ, ಗರಗಸ ಕೇಳಿ ಪಡೆದು ಕೂರುತ್ತಾರೆ. ಅಂಥವರಿಗೆ ಈ ಮರದ ತುಂಡಿನ ಹಿಂದಿನ ಕಥೆ ಗೊತ್ತಿದ್ದರೆ ಕೆಲಸ ಸಲೀಸಾಗುತ್ತದೆ ಎಂಬುದು ನಮ್ಮ ನಂಬಿಕೆ. ಬ್ಯಾಟಿನ ಒಂದೊಂದು ಉಬ್ಬು, ಒಂದೊಂದು ಜೋಡಣೆಯ ಹಿಂದೆಯೂ ಯಾರದೋ ಕೈ ನೋವಿದೆ, ಯಾರದೋ ಜಗಳವಿದೆ.

ಮೊದಲು ಅದು ಸೊಟ್ಟಗಿತ್ತು

ಕ್ರಿಕೆಟ್ ಹುಟ್ಟಿದ್ದು ಇಂಗ್ಲೆಂಡಿನ ದಕ್ಷಿಣದ ಹಳ್ಳಿಗಳಲ್ಲಿ. ಆಗ ಬೌಲಿಂಗ್ ಎಂದರೆ ಚೆಂಡನ್ನು ನೆಲದ ಮೇಲೆ ಉರುಳಿಸಿ ಬಿಡುವುದು. ಉರುಳಿ ಬರುವ ಚೆಂಡನ್ನು ಹೊಡೆಯಲು ನೇರ ಹಲಗೆ ಯಾಕೆ ಬೇಕು? ಹಾಕಿ ಸ್ಟಿಕ್ಕಿನ ಹಾಗೆ ತುದಿ ಬಾಗಿದ ದೊಣ್ಣೆಯೇ ಸಾಕಾಗಿತ್ತು. ಇಂದಿಗೂ ಉಳಿದಿರುವ ಅತಿ ಹಳೆಯ ಬ್ಯಾಟು 1729ರದ್ದು. ಲಂಡನ್ನಿನ ಓವಲ್ ಮೈದಾನದಲ್ಲಿ ಅದನ್ನು ಕಾಪಾಡಿ ಇಟ್ಟಿದ್ದಾರೆ.

1760ರ ದಶಕದ ಹೊತ್ತಿಗೆ ಬೌಲರುಗಳು ಜಾಣರಾದರು. ಕೈ ಕೆಳಗಿನಿಂದಲೇ ಎಸೆದರೂ ಚೆಂಡನ್ನು ಗಾಳಿಯಲ್ಲಿ ಹಾರಿಸಿ, ಬ್ಯಾಟುಗಾರನ ಮುಂದೆ ಪುಟಿಯುವಂತೆ ಮಾಡಿದರು. ಪುಟಿದು ಏಳುವ ಚೆಂಡಿಗೆ ಬಾಗಿದ ದೊಣ್ಣೆ ಸಿಗುತ್ತಿರಲಿಲ್ಲ. ಆಗ ಬಂದದ್ದು ನೇರ ಬ್ಯಾಟು. ಚೆಂಡು ಬದಲಾದದ್ದಕ್ಕೆ ಮರ ಬದಲಾಯಿತು. ಮುಂದಿನ ಕಥೆಯೆಲ್ಲ ಹೀಗೇ ಸಾಗುತ್ತದೆ.

ಈ ನೇರ ಬ್ಯಾಟಿನ ಜೊತೆ ಸೇರಿಕೊಂಡ ಹೆಸರು ಜಾನ್ ಸ್ಮಾಲ್. ಹ್ಯಾಂಪ್‌ಶೈರಿನ ಪೀಟರ್ಸ್‌ಫೀಲ್ಡ್ ಎಂಬ ಊರಿನವನು. ಜೋಡು ಹೊಲಿಯುವ ಕಸುಬಿನಿಂದ ಬಂದವನು, ಆಮೇಲೆ ಬ್ಯಾಟು, ಚೆಂಡು ಮಾಡುವ ಅಂಗಡಿ ನಡೆಸಿದ. ತಾನೇ ಮಾಡಿದ ಬ್ಯಾಟು ಹಿಡಿದು ಹ್ಯಾಂಬಲ್ಡನ್ ಎಂಬ ಹಳ್ಳಿಯ ತಂಡಕ್ಕೆ ಆಡಿ ಆ ಕಾಲದ ದೊಡ್ಡ ಆಟಗಾರ ಎನಿಸಿಕೊಂಡ. ಮಾಡುವವನೂ ಅವನೇ, ಆಡುವವನೂ ಅವನೇ. ಹವ್ಯಾಸಕ್ಕೆ ಬ್ಯಾಟು ಕೆತ್ತುವ ಇಂದಿನ ಹುಡುಗರಿಗೆ ಅವನು ಹಿರಿಯಣ್ಣ ಇದ್ದ ಹಾಗೆ.

ಎರಡೇ ದಿನದಲ್ಲಿ ಹುಟ್ಟಿದ ಅಳತೆ

1771ರ ಸೆಪ್ಟೆಂಬರಿನಲ್ಲಿ ಚರ್ಟ್ಸಿ ಮತ್ತು ಹ್ಯಾಂಬಲ್ಡನ್ ತಂಡಗಳ ನಡುವೆ ಪಂದ್ಯ ನಡೆಯಿತು. ಚರ್ಟ್ಸಿ ಪರವಾಗಿ ಆಡಲು ಬಂದ ವೈಟ್ ಎಂಬಾತ ತಂದ ಬ್ಯಾಟು ಹೆಚ್ಚುಕಡಿಮೆ ವಿಕೆಟ್ಟಿನಷ್ಟೇ ಅಗಲವಾಗಿತ್ತು. ಹಲಗೆ ಅಡ್ಡ ಇಟ್ಟುಕೊಂಡು ನಿಂತರೆ ಔಟು ಮಾಡುವುದು ಹೇಗೆ? ಅಷ್ಟು ಅಗಲ ಇಡಬಾರದು ಎಂಬ ನಿಯಮ ಅಲ್ಲಿಯವರೆಗೆ ಇರಲಿಲ್ಲ.

ಎರಡೇ ದಿನದಲ್ಲಿ ಹ್ಯಾಂಬಲ್ಡನ್ ಆಟಗಾರರು ಒಂದು ಚೀಟಿ ಬರೆದರು. ಬ್ಯಾಟಿನ ಅಗಲ ನಾಲ್ಕೂಕಾಲು ಇಂಚು ಮೀರಬಾರದು ಎಂಬುದು ಅದರ ಸಾರ. ಅದಕ್ಕೆ ಸಹಿ ಹಾಕಿದ ಮೂವರಲ್ಲಿ ಒಬ್ಬ ಬೌಲರ್ ಥಾಮಸ್ ಬ್ರೆಟ್, ಇನ್ನೊಬ್ಬ ತಂಡದ ನಾಯಕ ರಿಚರ್ಡ್ ನೈರನ್. ಮೂರನೆಯವನು ಬ್ಯಾಟು ಮಾಡುವ ಜಾನ್ ಸ್ಮಾಲ್. ಅಗಲ ಬ್ಯಾಟು ಮಾರಿ ಲಾಭ ಮಾಡಿಕೊಳ್ಳಬಹುದಾಗಿದ್ದವನೇ ಆಟ ಕೆಡಬಾರದು ಎಂದು ಸಹಿ ಹಾಕಿದ. ಅಳತೆ ನೋಡಲು ಕಬ್ಬಿಣದ ಚೌಕಟ್ಟೊಂದನ್ನೂ ಮಾಡಿಸಿದರು. 1774ರಲ್ಲಿ ಆ ಅಳತೆ ಆಟದ ನಿಯಮಗಳಲ್ಲಿ ಸೇರಿತು. 250 ವರ್ಷ ಕಳೆದರೂ ಅದು ಹಾಗೇ ಇದೆ. ಇವತ್ತಿನ ನಿಯಮ ಹೇಳುವ 108 ಮಿಲಿಮೀಟರ್ ಎಂದರೆ ಅದೇ ನಾಲ್ಕೂಕಾಲು ಇಂಚು. ಉದ್ದ 38 ಇಂಚು ಮೀರಬಾರದು ಎಂಬುದು 1835ರಲ್ಲಿ ಸೇರಿತು.

ಕೈ ಜುಮ್ಮೆನ್ನದ ಹಿಡಿ

ಆ ಕಾಲದ ಬ್ಯಾಟುಗಳು ಒಂದೇ ಮರದ ತುಂಡಿನವು, ಹಿಡಿ ಬೇರೆ, ಹಲಗೆ ಬೇರೆ ಎಂಬುದಿಲ್ಲ. ಒಂದೇ ತುಂಡಿನ ಬ್ಯಾಟಿನಿಂದ ಜೋರಾಗಿ ಹೊಡೆದಾಗ ಏನಾಗುತ್ತದೆ ಎಂದು ಊರಲ್ಲಿ ಕಾರ್ಕ್ ಬಾಲಿಗೆ ಆಡಿದವರಿಗೆ ಹೇಳಬೇಕಿಲ್ಲ. ಪೆಟ್ಟು ಮರದಗುಂಟ ಏರಿ ಮುಂಗೈಗೆ ಬರುತ್ತದೆ, ಬೆರಳು ಜುಮ್ಮೆನ್ನುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಬೌಲರುಗಳು ಕೈ ಮೇಲೆತ್ತಿ ವೇಗವಾಗಿ ಎಸೆಯತೊಡಗಿದ ಮೇಲೆ ಈ ನೋವು ಹೆಚ್ಚಿತು.

ಇದಕ್ಕೆ ಕುಶಲಕರ್ಮಿಗಳು ಎರಡು ಉಪಾಯ ಕಂಡುಕೊಂಡರು. ಹಿಡಿಯನ್ನು ಬೇರೆ ಮಾಡಿ, ಅದರ ಬುಡವನ್ನು ಈಟಿಯ ಮೊನೆಯಂತೆ ಚೂಪು ಮಾಡಿ, ಹಲಗೆಯಲ್ಲಿ ಕೊರೆದ ಅದೇ ಆಕಾರದ ಕಚ್ಚಿನೊಳಗೆ ಕೂರಿಸಿ ಅಂಟು ಹಾಕುವುದು ಒಂದು. ಆ ಹಿಡಿಯನ್ನು ಗಟ್ಟಿ ಮರದ ಬದಲು ಬೆತ್ತದಲ್ಲಿ ಮಾಡುವುದು ಇನ್ನೊಂದು. ಬೆತ್ತ ಬಳುಕುತ್ತದೆ, ಪೆಟ್ಟನ್ನು ತಾನೇ ನುಂಗುತ್ತದೆ. ಬೆತ್ತದ ಸೀಳುಗಳನ್ನು ಜೋಡಿಸಿ ಅಂಟಿಸಿ, ನಡುವೆ ತೆಳುವಾದ ರಬ್ಬರ್ ಪಟ್ಟಿ ಇಟ್ಟು, ಮೇಲೆ ದಾರ ಬಿಗಿದು ಸುತ್ತಿದರೆ ಹಿಡಿ ಸಿದ್ಧ. ಇಂದಿನ ಬ್ಯಾಟಿನ ಹಿಡಿಯೂ ಮೂಲದಲ್ಲಿ ಇಷ್ಟೇ.

ಹೊಸದಾಗಿ ಕಲಿಯುವವರು ಇಲ್ಲೊಂದು ವಿಷಯ ಗಮನಿಸಬೇಕು. ಮೊದಲ ಬ್ಯಾಟನ್ನು ಎಲ್ಲರೂ ಒಂದೇ ತುಂಡಿನಲ್ಲಿ ಮಾಡುತ್ತಾರೆ, ಅದೇ ಸುಲಭ. ಅದರಲ್ಲಿ ಹತ್ತು ಓವರ್ ಆಡಿದ ಮೇಲೆ ಬೇರೆ ಹಿಡಿ ಯಾಕೆ ಬೇಕು ಎಂದು ಕೈಯೇ ಹೇಳುತ್ತದೆ. ಇಂಗ್ಲೆಂಡಿನವರು ನೂರು ವರ್ಷದಲ್ಲಿ ಕಲಿತದ್ದನ್ನು ನೀವು ಒಂದು ಸಂಜೆಯಲ್ಲಿ ಕಲಿಯುತ್ತೀರಿ.

ವಿಲ್ಲೋ ಮರವೇ ಯಾಕೆ?

ಒಳ್ಳೆಯ ಬ್ಯಾಟಿನ ಮರಕ್ಕೆ ಎರಡು ಗುಣ ಬೇಕು. ಹಗುರ ಇರಬೇಕು, ಪೆಟ್ಟು ತಿಂದರೆ ಸೀಳಬಾರದು. ಗಟ್ಟಿ ಮರ ಭಾರ, ಹಗುರ ಮರ ಮೆದು. ಎರಡರ ನಡುವೆ ಸರಿಯಾಗಿ ನಿಲ್ಲುವುದು ಬಿಳಿ ವಿಲ್ಲೋ ಜಾತಿಯ ಒಂದು ಮರ. ಇಂಗ್ಲೆಂಡಿನ ಎಸೆಕ್ಸ್, ಸಫೋಕ್ ಕಡೆ ನೀರಿನ ದಡದಲ್ಲಿ ಇದನ್ನು ಕೊಂಬೆ ನೆಟ್ಟು ಬೆಳೆಸುತ್ತಾರೆ. ಕಡಿಯಲು 15ರಿಂದ 20 ವರ್ಷ ಕಾಯಬೇಕು. ಕಡಿದ ದಿಮ್ಮಿಯನ್ನು ಎಳೆಯ ಗುಂಟವೇ ಸೀಳುತ್ತಾರೆ. ತುದಿಗಳಿಗೆ ಮೇಣ ಹಚ್ಚಿ ಒಣಗಿಸುತ್ತಾರೆ. ಮೇಣ ಹಚ್ಚದಿದ್ದರೆ ತುದಿ ಬೇಗ ಒಣಗಿ ಬಿರುಕು ಬಿಡುತ್ತದೆ.

ಆಮೇಲೆ ಹಲಗೆಯನ್ನು ಭಾರವಾದ ಉರುಳೆಯ ಕೆಳಗೆ ಒತ್ತುತ್ತಾರೆ. ಮೆದುವಾದ ವಿಲ್ಲೋ ಮರದ ಮೇಲ್ಮೈ ಗಟ್ಟಿಯಾಗಿ ಒಳಗೆ ಪುಟಿತ ಉಳಿಯುವುದು ಇದರಿಂದಲೇ. ಒತ್ತುವುದು ಕಡಿಮೆಯಾದರೆ ಚೆಂಡು ತಾಗಿದ ಕಡೆ ಗುಳಿ ಬೀಳುತ್ತದೆ, ಹೆಚ್ಚಾದರೆ ಬ್ಯಾಟು ಸತ್ತ ಹಾಗಾಗುತ್ತದೆ. ಕೊನೆಗೆ ಅಗಸೆ ಎಣ್ಣೆ ಹಚ್ಚಿ, ಮರದ ಸುತ್ತಿಗೆಯಿಂದ ಗಂಟೆಗಟ್ಟಲೆ ಮೆಲ್ಲಗೆ ತಟ್ಟಬೇಕು. ಹೌದು, ಅದೇ ಅಗಸೆ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಚಟ್ನಿಪುಡಿ ಆಗುವ ಅಗಸಿ ಬೀಜದ ಎಣ್ಣೆಯೇ ಪ್ರಪಂಚದ ದೊಡ್ಡ ಆಟಗಾರರ ಬ್ಯಾಟನ್ನೂ ಕಾಯುತ್ತದೆ.

ಸಿಯಾಲ್‌ಕೋಟ್‌ನಿಂದ ಮೀರತ್‌ಗೆ

ಬ್ರಿಟಿಷರ ಕಾಲದಲ್ಲಿ ಈ ಕಸುಬು ಬೇರು ಬಿಟ್ಟದ್ದು ಪಂಜಾಬಿನ ಸಿಯಾಲ್‌ಕೋಟ್‌ನಲ್ಲಿ. ಕಾಶ್ಮೀರ ಹತ್ತಿರ, ಅಲ್ಲಿನ ಕಣಿವೆಯಲ್ಲಿ ವಿಲ್ಲೋ ಬೆಳೆಯುತ್ತಿತ್ತು. 1947ರಲ್ಲಿ ದೇಶ ಒಡೆದಾಗ ಸಿಯಾಲ್‌ಕೋಟ್ ಪಾಕಿಸ್ತಾನಕ್ಕೆ ಹೋಯಿತು. ಕಸುಬುದಾರರಲ್ಲಿ ಅನೇಕರು ಮನೆ ಬಿಟ್ಟು ಈ ಕಡೆ ಬಂದರು. ಕೆಲವರು ಜಲಂಧರ್ ಸೇರಿದರು, ಕೆಲವರು ಮೀರತ್ ಸೇರಿದರು. ನಮ್ಮ ಹುಡುಗರಿಗೆಲ್ಲ ಗೊತ್ತಿರುವ ಎಸ್‌ಜಿ ಕಂಪನಿ 1931ರಲ್ಲಿ ಸಿಯಾಲ್‌ಕೋಟ್‌ನಲ್ಲಿ ಶುರುವಾದದ್ದು, 1950ರಲ್ಲಿ ಮೀರತ್‌ನಲ್ಲಿ ಮತ್ತೆ ನೆಲೆ ನಿಂತದ್ದು. ಹೊಲ, ಮನೆ, ಅಂಗಡಿಯನ್ನು ಗಡಿ ದಾಟಿಸಲು ಆಗುವುದಿಲ್ಲ. ಕೈಯಲ್ಲಿರುವ ಕಸುಬನ್ನು ದಾಟಿಸಬಹುದು.

ಕಾಶ್ಮೀರದಲ್ಲಿ ಶ್ರೀನಗರದಿಂದ ಜಮ್ಮುವಿಗೆ ಹೋಗುವ ಹೆದ್ದಾರಿಯ ಬದಿ, ಅನಂತನಾಗ್ ಜಿಲ್ಲೆಯ ಸಂಗಮ್ ಸುತ್ತಮುತ್ತ ಬ್ಯಾಟಿನ ಕಾರ್ಖಾನೆಗಳು ಸಾಲುಗಟ್ಟಿವೆ. ರಸ್ತೆ ಬದಿಯಲ್ಲಿ ವಿಲ್ಲೋ ತುಂಡುಗಳನ್ನು ಗೋಪುರದ ಹಾಗೆ ಪೇರಿಸಿ ಗಾಳಿಗೆ ಒಣಗಿಸುತ್ತಾರೆ. ಕಾಶ್ಮೀರಿ ವಿಲ್ಲೋ ಇಂಗ್ಲಿಷ್ ವಿಲ್ಲೋಗಿಂತ ಸ್ವಲ್ಪ ಭಾರ, ಬಣ್ಣ ಕಂದು, ಬೆಲೆ ಬಹಳ ಕಡಿಮೆ. ನಮ್ಮ ಊರುಗಳ ಟೂರ್ನಮೆಂಟುಗಳಲ್ಲಿ ಕಾಣುವ ಒಳ್ಳೆಯ ಬ್ಯಾಟುಗಳಲ್ಲಿ ಹೆಚ್ಚಿನವು ಇದರವೇ. ಈಗ ಅಲ್ಲಿನ ರೈತರು ವಿಲ್ಲೋ ಕಡಿದು, ಬೇಗ ಬೆಳೆದು ಪ್ಲೈವುಡ್ಡಿಗೆ ಹೋಗುವ ಪಾಪ್ಲರ್ ನೆಡುತ್ತಿದ್ದಾರೆ. ಮರ ಸಿಗದ ಚಿಂತೆ ಬ್ಯಾಟು ಮಾಡುವವರನ್ನು ಕಾಡುತ್ತಿದೆ. ಹುಣಸೆ, ಹಲಸಿನ ಜಾಗದಲ್ಲಿ ಹೆಬ್ಬೇವು, ಸಿಲ್ವರ್ ಓಕ್ ಬಂದದ್ದನ್ನು ಕಂಡ ನಮ್ಮ ರೈತರಿಗೆ ಈ ಲೆಕ್ಕಾಚಾರ ಬಿಡಿಸಿ ಹೇಳಬೇಕಿಲ್ಲ.

ಬ್ಯಾಟು ಸಿಗದ ಬಾಲೂ

ಬ್ಯಾಟು ಮಾಡಿದವರ ಕಥೆಯಷ್ಟೇ ಮುಖ್ಯವಾದದ್ದು ಅದನ್ನು ಹಿಡಿಯಲು ಯಾರಿಗೆ ಬಿಟ್ಟರು ಎಂಬ ಕಥೆ. ಅದರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಒಬ್ಬರ ಹೆಸರಿದೆ: ಪಲವಣಕರ ಬಾಲೂ. ಚರ್ಮದ ಕಸುಬಿನ ದಲಿತ ಸಮುದಾಯದವರು. ಪುಣೆಯಲ್ಲಿ ಬ್ರಿಟಿಷರ ಜಿಮ್ಖಾನಾ ಮೈದಾನದಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ಪಿಚ್ಚು ನೋಡಿಕೊಳ್ಳುವ ಕೆಲಸ. ಅಲ್ಲಿನ ದೊರೆಗಳು ಅಭ್ಯಾಸಕ್ಕೆ ಬಾಲೂ ಅವರಿಂದ ಬೌಲಿಂಗ್ ಮಾಡಿಸುತ್ತಿದ್ದರು. ನೂರಾರು ಗಂಟೆ ಅವರು ಚೆಂಡು ಎಸೆದರು. ಇತಿಹಾಸಕಾರ ರಾಮಚಂದ್ರ ಗುಹಾ ಬರೆದಿರುವಂತೆ, ಆ ನೆಟ್ಸಿನಲ್ಲಿ ಒಂದು ಸಲವೂ ಅವರ ಕೈಗೆ ಬ್ಯಾಟು ಕೊಡಲಿಲ್ಲ. ಬೆವರು ಸುರಿಸುವ ಬೌಲಿಂಗ್ ಆಳುಮಕ್ಕಳಿಗೆ, ಬ್ಯಾಟಿಂಗ್ ದೊಡ್ಡವರಿಗೆ ಎಂಬ ಲೆಕ್ಕ ಅದು.

ಇಂಗ್ಲೆಂಡಿನಲ್ಲಿ ಜೋಡು ಹೊಲಿಯುವವನೊಬ್ಬ ಬ್ಯಾಟಿನ ನಿಯಮಕ್ಕೇ ಸಹಿ ಹಾಕಿ 120 ವರ್ಷ ಕಳೆದಿತ್ತು. ಇಲ್ಲಿ ಚರ್ಮದ ಕಸುಬಿನವರ ಮಗನಿಗೆ ನೆಟ್ಸಿನಲ್ಲಿ ಬ್ಯಾಟು ಮುಟ್ಟುವ ಅವಕಾಶ ಇರಲಿಲ್ಲ. ಬಾಲೂ ತಮಗೆ ಸಿಕ್ಕ ಚೆಂಡಿನಿಂದಲೇ ಉತ್ತರ ಕೊಟ್ಟರು. 1911ರಲ್ಲಿ ಭಾರತದ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ 100ಕ್ಕೂ ಹೆಚ್ಚು ವಿಕೆಟ್ ಕಿತ್ತರು. ಅವರ ತಮ್ಮ ವಿಠ್ಠಲ ಒಳ್ಳೆಯ ಬ್ಯಾಟುಗಾರರಾದರು, 1923ರಲ್ಲಿ ಹಿಂದೂಗಳ ತಂಡದ ನಾಯಕರೂ ಆದರು. ಅಣ್ಣನಿಗೆ ನೆಟ್ಸಿನಲ್ಲಿ ಸಿಗದ ಬ್ಯಾಟು ತಮ್ಮನ ಕೈಗೆ ನಾಯಕತ್ವದ ಜೊತೆ ಬಂತು.

ಇದನ್ನು ಓದಿದ ಮೇಲೆ ನಮ್ಮ ಹಳ್ಳಿಗಳ ತೆಂಗಿನ ಮಟ್ಟೆಯ ಬ್ಯಾಟು ನಮಗೆ ಬೇರೆಯೇ ಆಗಿ ಕಾಣುತ್ತದೆ. ಒಣಗಿ ಬಿದ್ದ ಗರಿಯ ಬುಡವನ್ನು ಮಚ್ಚಿನಿಂದ ನಾಲ್ಕು ಏಟು ಕೆತ್ತಿದರೆ ಬ್ಯಾಟು. ಅದಕ್ಕೆ ದುಡ್ಡು ಬೇಡ, ಯಾರ ಅಪ್ಪಣೆಯೂ ಬೇಡ. ಊರಿನ ಎಷ್ಟೋ ಮಕ್ಕಳಿಗೆ ಮೊದಲ ಬ್ಯಾಟಿಂಗ್ ಸಿಕ್ಕದ್ದು ಈ ಮಟ್ಟೆಯಿಂದಲೇ.

ನಿಯಮ ಮತ್ತು ಬಯಲು

1979ರ ಡಿಸೆಂಬರಿನಲ್ಲಿ ಪರ್ತ್‌ನಲ್ಲಿ ಆಸ್ಟ್ರೇಲಿಯಾದ ಡೆನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟು ಹಿಡಿದು ಬಂದರು. ಚೆಂಡು ಹಾಳಾಗುತ್ತದೆ ಎಂದು ಇಂಗ್ಲೆಂಡಿನ ನಾಯಕ ಮೈಕ್ ಬ್ರಿಯರ್ಲಿ ತಕರಾರು ತೆಗೆದರು. ಕೊನೆಗೆ ಲಿಲ್ಲಿ ಸಿಟ್ಟಿನಿಂದ ಅದನ್ನು ಎಸೆದು ಮರದ ಬ್ಯಾಟು ಹಿಡಿಯಬೇಕಾಯಿತು. ಮುಂದೆ ಬ್ಯಾಟಿನ ಹಲಗೆ ಮರದ್ದೇ ಆಗಿರಬೇಕು ಎಂದು ನಿಯಮ ಬಂತು. 2017ರಲ್ಲಿ ದಪ್ಪಕ್ಕೂ ಮಿತಿ ಹಾಕಿದರು: ಬೆನ್ನಿನ ಕಡೆ 67 ಮಿಲಿಮೀಟರ್, ಅಂಚು 40 ಮಿಲಿಮೀಟರ್. ತೂಕಕ್ಕೆ ಮಾತ್ರ ಇಂದಿಗೂ ಮಿತಿಯಿಲ್ಲ.

2021ರಲ್ಲಿ ಕೇಂಬ್ರಿಡ್ಜಿನ ದರ್ಶಿಲ್ ಶಾ ಮತ್ತು ಬೆನ್ ಟಿಂಕ್ಲರ್ ಡೇವಿಸ್ ಬಿದಿರಿನ ಬ್ಯಾಟು ಮಾಡಿ ಪರೀಕ್ಷಿಸಿದರು. ಅದು ವಿಲ್ಲೋಗಿಂತ ಗಟ್ಟಿ, ಚೆಂಡು ಚೆನ್ನಾಗಿ ಚಿಮ್ಮುವ ಜಾಗವೂ ದೊಡ್ಡದು ಎಂದು ಕಂಡುಕೊಂಡರು. ಆದರೆ ಬಿದಿರು ಹುಲ್ಲಿನ ಜಾತಿ, ಮರವಲ್ಲ. ಹಾಗಾಗಿ ನಿಯಮದ ಪ್ರಕಾರ ನಡೆಯುವುದಿಲ್ಲ ಎಂದು ಲಂಡನ್ನಿನ ಎಂಸಿಸಿ ಹೇಳಿತು.

ನಮ್ಮ ಬಯಲಿನ ಆಟಕ್ಕೆ ಎಂಸಿಸಿಯವರು ಅಳತೆ ಪಟ್ಟಿ ಹಿಡಿದು ಬರುವುದಿಲ್ಲ. ಟೆನಿಸ್ ಬಾಲಿಗಾದರೆ ಕೈಗೆ ಸಿಕ್ಕ ಹಗುರ ಮರ ಸಾಕು, ಒತ್ತುವ ಯಂತ್ರವೂ ಬೇಡ. ಗಂಟು ಇಲ್ಲದ, ಎಳೆ ನೇರವಾಗಿ ಮೇಲಿಂದ ಕೆಳಗೆ ಇಳಿದ ಹಲಗೆ ಆರಿಸಿ. ತುದಿಗಳಿಗೆ ಮೇಣ ಹಚ್ಚಿ ನೆರಳಲ್ಲಿ ತಿಂಗಳುಗಟ್ಟಲೆ ಒಣಗಲು ಬಿಡಿ, ಬಿಸಿಲಿಗೆ ಇಡಬೇಡಿ. ಅಗಲ ನಾಲ್ಕೂಕಾಲು ಇಂಚಿಗೆ ಗೆರೆ ಎಳೆಯಿರಿ. ಬೆನ್ನಿನ ನಡುವೆ ಚೆಂಡು ತಾಗುವ ಜಾಗದಲ್ಲಿ ದಪ್ಪ ಉಳಿಸಿ, ಹೆಗಲಿನ ಕಡೆಗೂ ಅಂಚಿನ ಕಡೆಗೂ ಸ್ವಲ್ಪ ಸ್ವಲ್ಪವೇ ಕೆತ್ತುತ್ತ ಬನ್ನಿ. ಆಗಾಗ ಎತ್ತಿ ಬೀಸಿ ನೋಡಿ. ತೆಗೆದ ಮರವನ್ನು ಮತ್ತೆ ಅಂಟಿಸಲು ಆಗುವುದಿಲ್ಲ, ಅದಕ್ಕೇ ಅವಸರ ಬೇಡ. ಜೋಡಣೆಯ ಕಚ್ಚು ಕೊರೆಯುವಾಗ ಊರಿನ ಆಚಾರಿಯ ಪಕ್ಕದಲ್ಲಿ ಕೂತು ಕಲಿಯಿರಿ. ಬಾಗಿಲು, ನೇಗಿಲು ಜೋಡಿಸಿದ ಆ ಕೈಗೆ ಗೊತ್ತಿರುವುದು ಯಾವ ವಿಡಿಯೋದಲ್ಲೂ ಪೂರ್ತಿ ಸಿಗುವುದಿಲ್ಲ. ಅವರಿಗೂ ಈಗ ರೆಡಿಮೇಡ್ ಬಾಗಿಲುಗಳಿಂದಾಗಿ ಕೆಲಸ ಕಡಿಮೆ. ಹುಡುಗರು ಕಲಿಯಲು ಬಂದರೆ ಬೇಡ ಎನ್ನುವವರು ಕಡಿಮೆ.

ಬ್ಯಾಟು ಮುಗಿದ ಮೇಲೆ ಹಿಂಬದಿಯಲ್ಲಿ ಮಾಡಿದವರ ಹೆಸರು ಬರೆಯಿರಿ. ಕಲಿಸಿದ ಆಚಾರಿಯ ಹೆಸರನ್ನೂ ಬರೆಯಿರಿ. ಸ್ಟಿಕ್ಕರ್ ಅಂಟಿಸಲು ಆಮೇಲೂ ಜಾಗ ಇರುತ್ತದೆ.