ಜೊಂಡಿನ ಬೇರು ಮತ್ತು ಆಮ್ಲಜನಕದ ಲೆಕ್ಕ: ಕೈಗಾರಿಕಾ ಹರಿನೀರಿಗೆ ನಿರ್ಮಿತ ಜೌಗು

ಕೊಳಕು ನೀರನ್ನು ಶುದ್ಧಗೊಳಿಸಲು ಜೊಂಡು ನೆಟ್ಟು ಕಟ್ಟುವ ನಿರ್ಮಿತ ಜೌಗುಗಳ ಕುರಿತ ಚರ್ಚೆಯಲ್ಲಿ ಜೊಂಡಿಗೆ ಸಲ್ಲುವ ಶ್ರೇಯಸ್ಸು ಅದರ ದುಡಿಮೆಗಿಂತ ಹೆಚ್ಚು. ಮನೆಬಳಕೆಯ ಕೊಳಕು ನೀರಿನ ಮಟ್ಟಿಗೆ ಈ ತಪ್ಪೆಣಿಕೆಯಿಂದ ದೊಡ್ಡ ಹಾನಿಯಿಲ್ಲ. ಕಾರ್ಖಾನೆ, ಗಣಿ, ವಿಮಾನ ನಿಲ್ದಾಣಗಳಿಂದ ಹರಿದು ಬರುವ ನೀರಿಗೆ ಅದೇ ಎಣಿಕೆ ಹಿಡಿದು ಹೊರಟರೆ ವಿನ್ಯಾಸವೇ ಸೋಲುತ್ತದೆ.

ಜರ್ಮನಿಯ ಕೇಟೆ ಸೈಡೆಲ್ 1950ರ ದಶಕದಲ್ಲಿ ಫಿನಾಲ್ ಬೆರೆತ ನೀರನ್ನು ಜಲಸಸ್ಯಗಳ ನಡುವೆ ಹಾಯಿಸಿ ಪ್ರಯೋಗ ನಡೆಸಿದರು. ಮುಂದೆ ರೈನ್‌ಹೋಲ್ಡ್ ಕಿಕೂಥ್ ಮಣ್ಣಿನ ಪಾತಿಗಳಲ್ಲಿ ಜೊಂಡು ನೆಡುವ 'ಬೇರುವಲಯ' ಪದ್ಧತಿ ರೂಪಿಸಿದರು. 1974ರಲ್ಲಿ ಓಥ್‌ಫ್ರೆಸೆನ್‌ನಲ್ಲಿ ಅದು ಕಾರ್ಯರೂಪಕ್ಕೆ ಬಂತು. ಬೇರುಗಳು ಮಣ್ಣನ್ನು ಸಡಿಲಗೊಳಿಸಿ ನೀರಿಗೆ ದಾರಿ ಮಾಡುತ್ತವೆ, ಜೊತೆಗೆ ಆಮ್ಲಜನಕವನ್ನೂ ಇಳಿಸುತ್ತವೆ ಎಂಬುದು ಅವರ ನಿಲುವು. ಮೊದಲನೆಯದು ನಡೆಯಲಿಲ್ಲ: ಮಣ್ಣು ಸಡಿಲಗೊಳ್ಳದೆ ನೀರು ಪಾತಿಯ ಮೇಲೆಯೇ ಹರಿಯಿತು. ಹಾಗಾಗಿ ಮಣ್ಣಿನ ಜಾಗಕ್ಕೆ ಜಲ್ಲಿ ಬಂತು.

ಎರಡನೆಯದರಲ್ಲಿ ಅರೆಸತ್ಯವಿದೆ. ಜೊಂಡಿನ ಬೇರು ಕಿತ್ತು ನೋಡಿದರೆ ಎಳೆಬೇರಿನ ಸುತ್ತ ತುಕ್ಕುಬಣ್ಣದ ತೆಳುಲೇಪ ಕಾಣುತ್ತದೆ. ಟೊಳ್ಳು ಕಾಂಡದಿಂದಿಳಿದ ಗಾಳಿ ಸೋರಿ ಕಬ್ಬಿಣವನ್ನು ಉತ್ಕರ್ಷಿಸಿದ ಗುರುತು ಅದು. ಕೆಲವೇ ಮಿಲಿಮೀಟರ್ ಆಚೆ ಕೆಸರು ಕಪ್ಪಗಿರುತ್ತದೆ. ಸೋರಿದ್ದು ಅಷ್ಟು ದೂರಕ್ಕೆ ಮಾತ್ರ. ಡೆನ್ಮಾರ್ಕ್‌ನಲ್ಲಿ ಬ್ರಿಕ್ಸ್ ಮತ್ತು ಶೀರುಪ್ 1990ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ ಚದರ ಮೀಟರಿಗೆ ದಿನಕ್ಕೆ ಸುಮಾರು 2 ಗ್ರಾಂ ಆಮ್ಲಜನಕ ಜೊಂಡಿನ ಮೂಲಕ ಕೆಳಗಿಳಿಯುತ್ತದೆ. ಬೇರುಗಳು ತಾವೇ ಉಸಿರಾಡಿ ಮುಗಿಸಿದ ಮೇಲೆ ಸುತ್ತಲಿನ ಪಾತಿಗೆ ದಕ್ಕುವುದು 0.02 ಗ್ರಾಂ. ಸೂಕ್ಷ್ಮಜೀವಿಗಳೇ ನಿಜವಾದ ಕೆಲಸಗಾರರು. ಜೊಂಡು ಅವಕ್ಕೆ ನೆಲೆ ಕೊಡುತ್ತದೆ, ಹರಿವಿನ ವೇಗ ತಗ್ಗಿಸುತ್ತದೆ, ಒಣಗಿದ ಎಲೆಗಳಿಂದ ಚಳಿಗಾಲದಲ್ಲಿ ಪಾತಿಗೆ ಹೊದಿಕೆಯಾಗುತ್ತದೆ.

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಆಮ್ಲಜನಕದ ಈ ಕೊರತೆ ಎದ್ದು ಕಾಣುತ್ತದೆ. ವಿಮಾನಗಳ ಮೇಲಿನ ಹಿಮ ಕರಗಿಸಲು ಸಿಂಪಡಿಸುವ ಗ್ಲೈಕಾಲ್ ಮಳೆನೀರಿನೊಡನೆ ಹರಿಯುತ್ತದೆ. ಅದು ಸುಲಭವಾಗಿ ಕೊಳೆಯುವ ವಸ್ತು, ಕೊಳೆಯುವಾಗ ಅಪಾರ ಆಮ್ಲಜನಕ ಬೇಡುತ್ತದೆ. ಹೊರೆ ಏರುವುದು ಚಳಿಗಾಲದಲ್ಲಿ, ಅಂದರೆ ಜೊಂಡು ಒಣಗಿ ನಿಂತಿರುವಾಗ ಮತ್ತು ಜೀವಿಗಳು ಮಂದವಾಗಿರುವಾಗ. ನಿಲ್ದಾಣದ ಈ ನೀರನ್ನು ಸಂಸ್ಕರಿಸುವ ಮೇಫೀಲ್ಡ್ ಫಾರ್ಮ್‌ನ ಜೊಂಡಿನ ಪಾತಿಗಳಿಗೆ ಆಮೇಲೆ ತಳದಿಂದ ಗಾಳಿ ಊದುವ ವ್ಯವಸ್ಥೆ ಅಳವಡಿಸಬೇಕಾಯಿತು. ಇದನ್ನು ಜೌಗಿನ ಸೋಲೆಂದು ಓದಬೇಕಿಲ್ಲ, ಲೆಕ್ಕ ತಿದ್ದಿಕೊಂಡದ್ದು ಅಷ್ಟೇ.

ಒಮಾನಿನ ನಿಮ್ರ್‌ನಲ್ಲಿ ಇದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಸರಿದೂಗಿಸಿದ್ದಾರೆ. ಕಚ್ಚಾತೈಲದೊಡನೆ ಮೇಲೆ ಬರುವ ನೀರಿನಿಂದ ಮೊದಲು ಎಣ್ಣೆ ಬೇರ್ಪಡಿಸಿ, ಉಳಿದದ್ದನ್ನು ಇಳಿಜಾರಿನ ನೆರವಿನಿಂದಲೇ ನೂರಾರು ಹೆಕ್ಟೇರ್ ಜೊಂಡಿನ ನಡುವೆ ಹಾಯಿಸುತ್ತಾರೆ. ಬ್ಲೋವರ್ ಬೇಡ; ಮರುಭೂಮಿಯ ವಿಸ್ತಾರ ಮತ್ತು ಬಿಸಿಲು ಅದರ ಬದಲಿಗೆ ನಿಲ್ಲುತ್ತವೆ. ಉಪ್ಪು ಮಾತ್ರ ಎಲ್ಲಿಗೂ ಹೋಗುವುದಿಲ್ಲ, ಅದಕ್ಕೆ ಕೊನೆಯಲ್ಲಿ ಆವಿಕೊಳಗಳಿವೆ.

ಭಾರಲೋಹಗಳ ವಿಚಾರ ಇನ್ನೂ ಬಿಗಿ. ಕಾರ್ನ್‌ವಾಲ್‌ನ ವೀಲ್ ಜೇನ್ ಗಣಿಯಿಂದ 1992ರಲ್ಲಿ ಲೋಹ ಬೆರೆತ ಆಮ್ಲಜಲ ಒಡೆದು ನದಿ ಸೇರಿದ ಮೇಲೆ ಅಲ್ಲಿ ಜೊಂಡಿನ ಪಾತಿಗಳ ಪ್ರಯೋಗ ನಡೆಯಿತು. ದೀರ್ಘಕಾಲದ ಪರಿಹಾರವಾಗಿ ಆಯ್ಕೆಯಾದದ್ದು ಸುಣ್ಣ ಹಾಕುವ ಘಟಕ. ಲೋಹದ ಸಣ್ಣ ಪಾಲು ಮಾತ್ರ ಜೊಂಡಿನ ಕಾಂಡ, ಎಲೆಗಳಿಗೆ ಏರುತ್ತದೆ. ಬಹುಪಾಲು ಹೂಳಿನಲ್ಲಿ ಸಲ್ಫೈಡ್ ಅಥವಾ ಆಕ್ಸೈಡ್ ಆಗಿ ಕೂರುತ್ತದೆ. ವರ್ಷಕ್ಕೊಮ್ಮೆ ಜೊಂಡು ಕೊಯ್ದರೆ ಲೋಹ ಹೊರಹೋಯಿತೆಂದು ಭಾವಿಸುವುದು ಸಲ್ಲದು.

ಬೆಂಗಳೂರಿನ ಜಕ್ಕೂರು ಕೆರೆಯ ಜೌಗನ್ನು ಮಾದರಿಯಾಗಿ ತೋರಿಸುವವರಿದ್ದಾರೆ. ಆದರೆ ಅಲ್ಲಿಗೆ ಬರುವುದು ಸಂಸ್ಕರಣಾ ಘಟಕ ದಾಟಿದ ಒಳಚರಂಡಿ ನೀರು. ಜೌಗು ಅದಕ್ಕೆ ಕೊನೆಯ ಒಪ್ಪ ಕೊಡುತ್ತದೆ. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿರುವ ಪೀಣ್ಯದಂಥ ಕಡೆ ಮೊದಲ ಮಳೆಗೆ ಹರಿಯುವ ನೀರಿಗೆ ಪಾತಿ ಕಟ್ಟುವುದಾದರೆ ತಳಕ್ಕೆ ನೀರು ಇಂಗದ ಹಾಸು ಬೇಕು, ಬೇಸಿಗೆಯಲ್ಲಿ ಜೊಂಡು ಸಾಯದಂತೆ ನೀರುಣಿಸಬೇಕು. ಲೋಹ ತುಂಬಿದ ಹೂಳನ್ನು ಅಪಾಯಕಾರಿ ತ್ಯಾಜ್ಯವೆಂದೇ ಎಣಿಸಿ ತೆಗೆದು ಸಾಗಿಸುವ ಖರ್ಚೂ ಮೊದಲ ಅಂದಾಜಿನಲ್ಲೇ ಇರಬೇಕು.