ಎಚ್‌.ಐ.ವಿ. ಚಿಕಿತ್ಸೆಯಲ್ಲಿ ಹೃದಯದ ಪ್ರಶ್ನೆ: ಒಂದು ಚಾರಿತ್ರಿಕ ಸಮೀಕ್ಷೆ

ರೋಗವೊಂದಕ್ಕೆ ಔಷಧ ದೊರೆತೊಡನೆ ಅದರ ಚರಿತ್ರೆ ಮುಗಿಯಿತೆಂದು ಭಾವಿಸುವುದು ವಾಡಿಕೆ. ಎಚ್‌.ಐ.ವಿ. ಸೋಂಕಿನ ಚರಿತ್ರೆ ಈ ಭಾವನೆಯನ್ನು ತಿದ್ದುತ್ತದೆ. 1981ರಲ್ಲಿ ಅಮೆರಿಕದಿಂದ ಏಡ್ಸ್ ರೋಗದ ಮೊದಲ ವರದಿಗಳು ಬಂದಂದಿನಿಂದ ಸುಮಾರು ಒಂದೂವರೆ ದಶಕದವರೆಗೆ ರೋಗಿಯ ಜೀವವನ್ನು ಉಳಿಸುವುದೇ ವೈದ್ಯರ ಮುಖ್ಯ ಚಿಂತೆಯಾಗಿತ್ತು. 1996ರ ಸುಮಾರಿಗೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಪದ್ಧತಿ ರೂಢಿಗೆ ಬಂದಿತು. ಅದು ದೊರೆತ ದೇಶಗಳಲ್ಲಿ ಮರಣಗಳು ಬಹಳವಾಗಿ ತಗ್ಗಿದವು. ಹಾಗೆ ಉಳಿದವರ ಹೃದಯದ ಪ್ರಶ್ನೆ ಪ್ರಬಲವಾಗಿ ಎದ್ದುದು ಆ ತರುವಾಯ. ಅದನ್ನೇ ನಾವು ಇಲ್ಲಿ ಪರಿಶೀಲಿಸುತ್ತೇವೆ.

1998ರಲ್ಲಿ ಸಿಡ್ನಿಯ ಆಂಡ್ರ್ಯೂ ಕಾರ್ ಮತ್ತು ಅವರ ಸಹೋದ್ಯೋಗಿಗಳು, ಪ್ರೋಟಿಯೇಸ್ ನಿರೋಧಕಗಳೆಂಬ ಔಷಧಗಳನ್ನು ಸೇವಿಸುತ್ತಿದ್ದವರಲ್ಲಿ ಕೆಲವು ಲಕ್ಷಣಗಳು ಒಟ್ಟಾಗಿ ಕಾಣುವುದನ್ನು ವರ್ಣಿಸಿದರು: ಮುಖ, ಕೈಕಾಲುಗಳ ಕೊಬ್ಬು ಕರಗುವುದು, ರಕ್ತದಲ್ಲಿ ಕೊಬ್ಬಿನಂಶ ಏರುವುದು, ಇನ್ಸುಲಿನ್ನಿನ ಪರಿಣಾಮ ಕುಂದುವುದು. ಬೇರೊಂದು ವರ್ಗದ ಸ್ಟಾವುಡಿನ್ ಎಂಬ ಔಷಧವೂ ಕೊಬ್ಬನ್ನು ಕರಗಿಸುವುದೆಂದು ತಿಳಿದುಬಂದಿತು. ಭಾರತ ಸರ್ಕಾರ 2004ರ ಏಪ್ರಿಲ್ 1ರಂದು ಉಚಿತ ಚಿಕಿತ್ಸೆಯನ್ನು ಆರಂಭಿಸಿದಾಗ ಅಗ್ಗವಾಗಿದ್ದ ಸ್ಟಾವುಡಿನ್ ಬಳಕೆಯಲ್ಲಿತ್ತು. ಜೀವವನ್ನು ಉಳಿಸಿದ ಮಾತ್ರೆಯೇ ಕೆನ್ನೆಗಳನ್ನು ಕುಗ್ಗಿಸಿ, ಗುಟ್ಟಾಗಿಟ್ಟ ರೋಗವನ್ನು ಊರಿಗೆ ಸಾರಬಹುದಾಗಿತ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕ್ರಮೇಣ ಕೈಬಿಡುವಂತೆ ಸಲಹೆ ಮಾಡಿತು.

ಔಷಧವೇ ದೋಷಿಯಾದರೆ ಅದನ್ನು ನಡುನಡುವೆ ನಿಲ್ಲಿಸುವುದು ಲೇಸಲ್ಲವೆ? 33 ದೇಶಗಳ 5,472 ಜನರಲ್ಲಿ ನಡೆದ ಸ್ಮಾರ್ಟ್ ಎಂಬ ಪರೀಕ್ಷೆ 2006ರಲ್ಲಿ ಇದಕ್ಕೆ ಉತ್ತರವಿತ್ತಿತು. ಔಷಧವನ್ನು ಬಿಟ್ಟುಬಿಟ್ಟು ಸೇವಿಸಿದವರಲ್ಲಿ ಮರಣಗಳು ಮಾತ್ರವಲ್ಲದೆ ಹೃದಯ ಮತ್ತು ರಕ್ತನಾಳಗಳ ರೋಗಗಳೂ ಹೆಚ್ಚಾಗಿ ಕಂಡುಬಂದವು. ವೈರಸ್ಸು ಅಂಕೆ ತಪ್ಪಿದಾಗ ದೇಹದಲ್ಲಿ ಉರಿಯೂತ ಹೆಚ್ಚಿ ರಕ್ತನಾಳಗಳನ್ನು ಕೆಡಿಸುತ್ತದೆ. ಚಿಕಿತ್ಸೆಯಿಂದ ಅದು ತಗ್ಗಿದರೂ ಪೂರ್ಣವಾಗಿ ಶಮನವಾಗುವುದಿಲ್ಲ. ಹೀಗೆ ಔಷಧದ ಮೇಲೆ ಮಾತ್ರ ಹೊರಿಸಿದ್ದ ಅಪರಾಧದಲ್ಲಿ ರೋಗದ ಪಾಲೂ ಇದ್ದುದು ಸ್ಪಷ್ಟವಾಯಿತು.

ಉಳಿದ ಅಪಾಯವನ್ನು ತಗ್ಗಿಸುವ ಬಗೆಯನ್ನು ಭಾರತವೂ ಸೇರಿ 12 ದೇಶಗಳಲ್ಲಿ ನಡೆದ ರಿಪ್ರೀವ್ ಪರೀಕ್ಷೆ ಅರಸಿತು. 40ರಿಂದ 75 ವರ್ಷ ವಯಸ್ಸಿನ 7,769 ಜನರು ಅದರಲ್ಲಿ ಭಾಗಿಗಳು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ದಿನಕ್ಕೆ 4 ಮಿಲಿಗ್ರಾಂ ಪಿಟಾವಾಸ್ಟಾಟಿನ್ ಸೇವಿಸಿದವರಲ್ಲಿ ಹೃದಯಾಘಾತವೇ ಮೊದಲಾದ ಗಂಡಾಂತರಗಳು ನೂರಕ್ಕೆ 35ರಷ್ಟು ಕಡಿಮೆಯಾದವು. ಈ ಜಾತಿಯ ಔಷಧಗಳಲ್ಲಿ ಕೆಲವು ಎಚ್‌.ಐ.ವಿ. ಔಷಧಗಳೊಡನೆ ಹೊಂದುವುದಿಲ್ಲವಾದ್ದರಿಂದ ಆಯ್ಕೆ ವೈದ್ಯರದಾಗಿರಬೇಕು.

ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದು ಇಷ್ಟು: ವೈರಸ್ಸಿನ ಔಷಧವನ್ನು ತಾನಾಗಿ ಬಿಡುವುದು ಹೃದಯಕ್ಕೆ ರಕ್ಷೆಯಲ್ಲ. ಅದನ್ನು ತಪ್ಪದೆ ಸೇವಿಸುತ್ತ, ರಕ್ತದೊತ್ತಡ, ಸಕ್ಕರೆ, ಕೊಬ್ಬು, ದೇಹತೂಕಗಳನ್ನು ಪರೀಕ್ಷಿಸಿಕೊಳ್ಳುತ್ತ, ತಂಬಾಕನ್ನು ತ್ಯಜಿಸುವುದೇ ರಕ್ಷೆ.