ಬುಡದ ಲೆಕ್ಕ: ರಾಮನಗರ ಸೀಮೆಯ ಕುರುಚಲು ಕಾಡು, ಆಲೆ ಮರ ಮತ್ತು ಅಳತೆಯ ಪ್ರಶ್ನೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಕಾಡು ಕಡತಗಳಲ್ಲಿ ‘ಕುರುಚಲು’, ‘ಕ್ಷೀಣಿಸಿದ ಅರಣ್ಯ’ ಎಂಬ ಹಣೆಪಟ್ಟಿಗಳ ಕೆಳಗೆ ಬರುತ್ತದೆ. ಬೆಂಗಳೂರಿಗೆ ಇಷ್ಟು ಹತ್ತಿರವಿದ್ದು, ತಲೆಮಾರುಗಳಿಂದ ಸೌದೆ, ಇದ್ದಿಲು, ಸೊಪ್ಪು, ಮೇವು ಎಲ್ಲವನ್ನೂ ಕೊಟ್ಟು ಸೊರಗಿದ ಕಾಡು ಇದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಬಡತನ ಪೂರ್ತಿಯಾಗಿ ಕಾಡಿನದೇ ಅಲ್ಲ, ಅದರಲ್ಲಿ ಒಂದು ಪಾಲು ನಾವು ಹಿಡಿದಿರುವ ಅಳತೆಗೋಲಿನದು ಎಂಬುದು ಈ ಲೇಖನದ ವಾದ. ಅಳತೆಗೆ ಸಿಗದ್ದು ಯೋಜನೆಗೆ ಸಿಗುವುದಿಲ್ಲ. ಯೋಜನೆಗೆ ಸಿಗದ್ದರ ಮೇಲೆ ಬೇರೇನನ್ನೋ ನೆಡಲಾಗುತ್ತದೆ.

ಮೊದಲು ನೆಲದ ಮಾತು. ಈ ಸೀಮೆಯ ಬೆನ್ನೆಲುಬು ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೆಯ ಹೆಸರನ್ನೇ ಭೂವಿಜ್ಞಾನಿಗಳು ಈ ಶಿಲೆಗೆ ಇಟ್ಟಿದ್ದಾರೆ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರಕ್ಕೆ ಎದ್ದ ಸಾವನದುರ್ಗವಾಗಲಿ, ರಾಮದೇವರ ಬೆಟ್ಟವಾಗಲಿ ಬರಿಯ ಬಂಡೆ. ಬಂಡೆಯ ಬುಡದಲ್ಲಿ ಸವೆದು ನಿಂತ ಮರಳುಮಿಶ್ರಿತ ಮಣ್ಣಿನಲ್ಲಿ, ವರ್ಷಕ್ಕೆ 800–900 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ, ದಿಂಡಿಗ, ಹುರುಗಲು, ಕಗ್ಗಲಿ, ಜಾಲಾರಿ, ಆಲೆ, ಇವುಗಳ ನಡುವೆ ಬಂದರಿಕೆ ಮತ್ತು ಕಾರೆಯ ಪೊದೆಗಳು ಬೆಳೆಯುತ್ತವೆ. ಕನಕಪುರದಿಂದ ತೆಂಕಣಕ್ಕೆ ಸಂಗಮದತ್ತ ಇಳಿದರೆ ಕಾವೇರಿ ವನ್ಯಜೀವಿ ಧಾಮದ ಕಾಡಿನಲ್ಲಿ ಕಮರವೂ ಜೊತೆಗೂಡುತ್ತದೆ. ಇವುಗಳಲ್ಲಿ ಹೆಚ್ಚಿನವು ಕಡಿದರೂ ಬುಡದಿಂದ ಮತ್ತೆ ಕುಡಿಯೊಡೆಯುವ ಮರಗಳು. ಅಂದರೆ ನೆಲದ ಮೇಲೆ ಕಾಣುವ ಗೇಣು ದಪ್ಪದ ಕೋಲಿನ ಕೆಳಗೆ ಹತ್ತಾರು ವರ್ಷ ಬಾಳಿದ ಬೇರಿರಬಹುದು.

ನಮ್ಮ ಅಳತೆಗೋಲು ಬೇರೊಂದು ಕಾಡಿನಿಂದ ಬಂದದ್ದು. ಹದಿನೆಂಟನೆಯ ಶತಮಾನದ ಕೊನೆ, ಹತ್ತೊಂಬತ್ತರ ಮೊದಲಲ್ಲಿ ಜರ್ಮನಿಯ ಹಾರ್ಟಿಗ್ ಮತ್ತು ಕೋಟ್ಟಾ ಅರಣ್ಯ ಗಣಿತಕ್ಕೆ ಒಂದು ಶಿಸ್ತು ಕೊಟ್ಟರು. ಒಂದೇ ಜಾತಿ, ಒಂದೇ ವಯಸ್ಸು, ಒಂಟಿ ಕಾಂಡ, ನೇರ ಬೆಳವಣಿಗೆಯ ಸ್ಪ್ರೂಸ್ ತೋಪುಗಳಿಗೆ ಹೇಳಿ ಮಾಡಿಸಿದ ಗಣಿತವದು. ಅದೇ ನಾಡಿನ ಡೀಟ್ರಿಚ್ ಬ್ರಾಂಡಿಸ್ 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ಮೈಸೂರಿನಲ್ಲಿ ಅರಣ್ಯ ಇಲಾಖೆ ಹುಟ್ಟಿದ್ದೂ ಅದೇ ವರ್ಷ. 1878ರಲ್ಲಿ ಡೆಹ್ರಾಡೂನಿನಲ್ಲಿ ಅರಣ್ಯ ಶಾಲೆ ಆರಂಭವಾಯಿತು. ನೆಲದಿಂದ 1.37 ಮೀಟರ್ ಮೇಲೆ, ಅಂದರೆ ನಾಲ್ಕೂವರೆ ಅಡಿಯ ಎದೆಮಟ್ಟದಲ್ಲಿ, ಟೇಪು ಸುತ್ತಿ ಸುತ್ತಳತೆ ಹಿಡಿಯುವ ರೂಢಿ ಇಂದಿಗೂ ನಮ್ಮಲ್ಲಿದೆ. ತೇಗಕ್ಕೂ ಹೊನ್ನೆಗೂ ಅದು ಸರಿಯಾದ ರೂಢಿಯೇ. ಆದರೆ ಎದೆಮಟ್ಟಕ್ಕೆ ಬರುವ ಮುಂಚೆಯೇ ನಾಲ್ಕು ಕವಲಾಗುವ ಆಲೆಗೆ?

ಚನ್ನಪಟ್ಟಣದ ಬೊಂಬೆಗೆ ಮರ ಕೊಟ್ಟದ್ದು ಈ ಆಲೆ. ಸಸ್ಯಶಾಸ್ತ್ರದಲ್ಲಿ ಇದು ರೈಟಿಯಾ ಟಿಂಕ್ಟೋರಿಯ, ಬೆಪ್ಪಾಲೆ ಎಂದೂ ಹೆಸರಿದೆ. ಎಲೆ ಮುರಿದರೆ ಹಾಲು ಒಸರುತ್ತದೆ, ಒಣಗಿದ ಎಲೆ ನೀಲಿಗಪ್ಪಾಗುತ್ತದೆ. ಮರ ಮಾತ್ರ ಬೆಳ್ಳಗೆ, ನುಣ್ಣಗೆ, ಒತ್ತಾದ ಎಳೆಯದು. ಎರಡು ಮೂರು ತಿಂಗಳು ಒಣಗಿಸಿದ ತುಂಡನ್ನು ಲೇತಿಗೆ ಸಿಕ್ಕಿಸಿ ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೆ ಬಣ್ಣ ಕರಗಿ ಮೈಗೆ ಹತ್ತುತ್ತದೆ. ಕೇದಗೆಯ ಎಲೆಯಿಂದ ಒರೆಸಿ ಹೊಳಪು ತರುತ್ತಾರೆ. ಹಿಂದಿನ ಮೈಸೂರು ಸಂಸ್ಥಾನದಲ್ಲಿ ಅರಗಿನ ಹುಳು ಸಾಕುತ್ತಿದ್ದುದು ಜಾಲಾರಿ ಮರದ ಮೇಲೆ ಎಂಬುದನ್ನು ಇಲ್ಲಿ ನೆನೆಯಬೇಕು. ಮರವನ್ನೂ ಅರಗನ್ನೂ ಕೊಡಬಲ್ಲದ್ದು ಇದೇ ಬಗೆಯ ಒಣ ಕಾಡು. 2005–06ರ ಸಾಲಿನಲ್ಲಿ ಈ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಈಗ ರಬ್ಬರ್ ಮರವೂ ಲೇತಿಗೆ ಬರುತ್ತಿದೆ. ಊರಿನ ಹೆಸರಿಗೆ ರಕ್ಷಣೆ ದೊರೆತಂತೆ ಊರಿನ ಮರಕ್ಕೆ ದೊರೆಯಲಿಲ್ಲ.

ಈಗ ಅಳತೆಯನ್ನು ಹತ್ತಿರದಿಂದ ನೋಡೋಣ. ಒಂದು ಆಲೆಯ ಬುಡದಿಂದ ನಾಲ್ಕು ಕುಡಿಗಳು ಎದ್ದಿವೆ, ಎದೆಮಟ್ಟದಲ್ಲಿ ಒಂದೊಂದರ ಸುತ್ತಳತೆ 20 ಸೆಂಟಿಮೀಟರ್ ಎಂದುಕೊಳ್ಳಿ. ಒಂದು ಕುಡಿಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 31.8 ಚದರ ಸೆಂಟಿಮೀಟರ್, ನಾಲ್ಕೂ ಸೇರಿ 127. ಪಕ್ಕದಲ್ಲಿ 40 ಸೆಂಟಿಮೀಟರ್ ಸುತ್ತಳತೆಯ ಒಂಟಿ ಕಾಂಡದ ಆಲೆಯಿದೆ, ಅದರ ವಿಸ್ತೀರ್ಣವೂ ಸುಮಾರು 127. ಆದರೆ ಭಾರತೀಯ ಅರಣ್ಯ ಸಮೀಕ್ಷೆ ಮರಸಂಪತ್ತಿನ ಲೆಕ್ಕಕ್ಕೆ ಹಿಡಿಯುವುದು ಎದೆಮಟ್ಟದಲ್ಲಿ 10 ಸೆಂಟಿಮೀಟರ್ ಮತ್ತು ಅದಕ್ಕಿಂತ ಹೆಚ್ಚು ವ್ಯಾಸವಿರುವ ಮರಗಳನ್ನು. ಒಂಟಿ ಕಾಂಡದ ವ್ಯಾಸ 12.7, ಅದು ಲೆಕ್ಕಕ್ಕೆ ಬಂತು. ಕುಡಿಗಳ ವ್ಯಾಸ 6.4, ನಾಲ್ಕೂ ಬಿಟ್ಟುಹೋದವು. ಅಷ್ಟೇ ಅಡ್ಡಕೊಯ್ತವಿರುವ ಎರಡು ಜೀವಗಳಲ್ಲಿ ಒಂದು ಪಟ್ಟಿಯಲ್ಲಿ ಮರವಾಯಿತು, ಇನ್ನೊಂದು ಸೊನ್ನೆಯಾಯಿತು. ಕಾಡಿನ ಬಹುಪಾಲು ಹೀಗೆ ಕುಡಿಗಳಾಗಿಯೇ ನಿಂತಿರುವಲ್ಲಿ ಈ ಸೊನ್ನೆಗಳು ಕೂಡುತ್ತ ಹೋಗಿ ಇಡೀ ಬೆಟ್ಟವೇ ‘ಖಾಲಿ’ ಎನಿಸಿಕೊಳ್ಳುತ್ತದೆ. ಲೇತಿನಲ್ಲಿ ಮರ ಕಡೆಯುವ ಕಡಚಲು ಕೆಲಸದವರಿಗೋ 6.4 ಸೆಂಟಿಮೀಟರ್ ದಪ್ಪದ ಕೋಲು ಸೊನ್ನೆಯಲ್ಲ. ಗಿಲಕಿ, ಬುಗುರಿ, ಮಣಿ, ಚದುರಂಗದ ಕಾಯಿಗೆ ಅಷ್ಟು ದಪ್ಪ ಸಾಕು.

ನಾಟಾ ಲೆಕ್ಕದ ಇನ್ನೊಂದು ಹಳೆಯ ಸೂತ್ರವೂ ಇಲ್ಲಿ ಎಡವುತ್ತದೆ. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ ಉದ್ದದಿಂದ ಮತ್ತೆ ಗುಣಿಸಿದರೆ ಬರುವುದು ದುಂಡು ದಿಮ್ಮಿಯ ನಿಜವಾದ ಗಾತ್ರದ ಶೇಕಡ 78.5 ಮಾತ್ರ. ದಿಮ್ಮಿಯನ್ನು ಚೌಕ ಕೊಯ್ಯುವಾಗ ಹೋಗುವ ನಷ್ಟಕ್ಕೆಂದು ಬಿಟ್ಟ ಪಾಲು ಅದು. ದುಂಡನ್ನು ದುಂಡಾಗಿಯೇ ಕಡೆಯುವ ಕಸುಬಿಗೆ ಅದನ್ನು ಏಕೆ ಕಳೆಯಬೇಕು?

ನೆಲದ ಅಳತೆ ಹೀಗಾದರೆ ಆಕಾಶದ ಅಳತೆ ಇನ್ನೊಂದು ಬಗೆ. 1987ರಿಂದ ಹೊರಬರುತ್ತಿರುವ ದೇಶದ ಅರಣ್ಯ ಸ್ಥಿತಿ ವರದಿಗಳು ಉಪಗ್ರಹ ಚಿತ್ರದಿಂದ ಮರಗಳ ನೆತ್ತಿಯ ಸಾಂದ್ರತೆಯನ್ನು ಓದುತ್ತವೆ. ಶೇಕಡ 70 ದಾಟಿದರೆ ಅತಿ ದಟ್ಟ, 40ರಿಂದ 70 ಮಧ್ಯಮ ದಟ್ಟ, 10ರಿಂದ 40 ತೆರೆದ ಕಾಡು. 10ಕ್ಕಿಂತ ಕಡಿಮೆಯಿದ್ದರೆ ಕುರುಚಲು, ಅದು ಅರಣ್ಯ ಹೊದಿಕೆಯೊಳಗೆ ಬರುವುದೇ ಇಲ್ಲ. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇಕಡ 10ರಷ್ಟು ನೆತ್ತಿಯಿರುವ ಜಾಗ ಯಾರದ್ದಾದರೂ ಸರಿ, ಯಾವ ಮರವಾದರೂ ಸರಿ, ಅರಣ್ಯ ಹೊದಿಕೆಯೇ. ಆದ್ದರಿಂದ ಮಾವಿಗೆ ಹೆಸರಾದ ಈ ಜಿಲ್ಲೆಯಲ್ಲಿ ದೊಡ್ಡ ಮಾವಿನ ತೋಟವೂ ನೀಲಗಿರಿ ತೋಪೂ ಹೊದಿಕೆಯಾಗಿ ಲೆಕ್ಕಕ್ಕೆ ಸೇರುತ್ತವೆ, ಕರಡಿ ಓಡಾಡುವ ಬಂದರಿಕೆಯ ಬೋರೆ ಹೊರಗುಳಿಯುತ್ತದೆ. ಹಳದಿ ಕೊರಳಿನ ಪಿಕಳಾರ ಭಾರತದ ಪರ್ಯಾಯ ದ್ವೀಪದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಹಕ್ಕಿ. ಅದು ಬಾಳುವುದು ಬಂಡೆ ಮತ್ತು ಪೊದೆ ಕೂಡಿದ ಇಂಥ ಕಡೆಯೇ. ರಾಮದೇವರ ಬೆಟ್ಟದಲ್ಲಿ 2012ರಲ್ಲಿ ಸುಮಾರು 346 ಹೆಕ್ಟೇರನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುವುದು ಮರದ ಮೇಲಲ್ಲ, ಕಡಿದಾದ ಬಂಡೆಯ ಚಾಚಿನ ಮೇಲೆ. ನೆತ್ತಿಯ ಸಾಂದ್ರತೆ ಆ ನೆಲದ ಬೆಲೆಯ ಬಗ್ಗೆ ಏನನ್ನೂ ಹೇಳದು.

ಸೊನ್ನೆ ಎಂದು ಬರೆದ ಕಡೆ ನೆಡುವ ಉತ್ಸಾಹ ಸಹಜ. ಗುಂಡಿ ತೋಡಲು ಯಂತ್ರ ಬರುತ್ತದೆ, ಇದ್ದ ಬೇರುಬುಡಗಳು ಕಿತ್ತುಬರುತ್ತವೆ, ಅಲ್ಲಿ ನರ್ಸರಿಯ ಸಸಿ ಕೂರುತ್ತದೆ. ನೀಲಗಿರಿಯ ಕಾಲದಲ್ಲಿ ಆದದ್ದು ಇದೇ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಬಯಲುಸೀಮೆಯ ಹೊಲಗಳಿಗೂ ಗೋಮಾಳಗಳಿಗೂ ನೀಲಗಿರಿ ನುಗ್ಗಿತು. ಅಂತರ್ಜಲದ ಕೂಗು ಎದ್ದು, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸುವ ಹೊತ್ತಿಗೆ ಮೂರು ದಶಕ ಕಳೆದಿತ್ತು. ನೀಲಗಿರಿಯನ್ನು ನೆಚ್ಚಿದ್ದಕ್ಕೆ ಬೇಗ ಬರುವ ಹಣ ಒಂದು ಕಾರಣ. ಒಂಟಿ ಕಾಂಡ, ಸಮ ವಯಸ್ಸು, ಸಾಲು ನೆಡುವಿಕೆಯಿಂದ ಅದು ಅಳತೆಗೆ ಸುಲಭವಾಗಿ ಒಗ್ಗುತ್ತಿತ್ತು ಎಂಬುದೂ ಒಂದು ಕಾರಣವೆಂದೇ ನನ್ನ ಎಣಿಕೆ.

ಯುರೋಪಿನಿಂದ ನಾವು ಪೂರ್ತಿ ಪಾಠ ತಂದುಕೊಂಡಿದ್ದರೆ ಇಷ್ಟು ಎಡವಬೇಕಾಗಿರಲಿಲ್ಲ. ಆ ಸಮಶೀತೋಷ್ಣ ನಾಡುಗಳಲ್ಲೇ ಸ್ಪ್ರೂಸ್ ತೋಪಿಗಿಂತ ಎಷ್ಟೋ ಹಳೆಯದಾದ ಇನ್ನೊಂದು ಸಂಪ್ರದಾಯವಿದೆ. ಇಂಗ್ಲೆಂಡಿನ ಹೇಜಲ್ ಕಾಡುಗಳಲ್ಲಿ ಬುಡಗಳನ್ನು ಸರದಿಯ ಮೇಲೆ ಕಡಿದು, ಕುಡಿಗಳನ್ನು ಬೆಳೆಸಿ, ನಡುನಡುವೆ ದೊಡ್ಡ ಮರಗಳನ್ನು ಬಿಟ್ಟುಕೊಂಡು ನಡೆಸುವ ಪದ್ಧತಿ ಶತಮಾನಗಳಿಂದ ಬಂದಿದೆ. ಅಲ್ಲಿ ಬುಡವೇ ಆಸ್ತಿ. ನಮ್ಮ ಅರಣ್ಯ ಇಲಾಖೆಯ ಕಾರ್ಯಯೋಜನೆಗಳಿಗೂ ಈ ಪದ್ಧತಿ ತಿಳಿದಿತ್ತು, ಆದರೆ ಸೌದೆಯ ಕಾಡುಗಳ ಮಟ್ಟಿಗಷ್ಟೇ. ಕಸುಬಿನ ಮರಕ್ಕೆ ಅದನ್ನು ಅನ್ವಯಿಸುವ ಯೋಚನೆ ಬೆಳೆಯಬೇಕಾಗಿದೆ.

ಮಾಡಬಹುದಾದದ್ದು ಕಷ್ಟದ್ದೇನಲ್ಲ. ನೆಡುವ ಮುನ್ನ ಬುಡ ಎಣಿಸಬೇಕು. ಗುರುತು ಹಾಕಿದ ಸಣ್ಣ ಚೌಕಗಳಲ್ಲಿ ಜೀವಂತ ಬುಡಗಳೆಷ್ಟು, ಯಾವ ಜಾತಿ, ಬುಡಕ್ಕೆ ಎಷ್ಟು ಕುಡಿ, ದನ ಮೇಯ್ದ ಗುರುತಿದೆಯೇ, ಬೆಂಕಿ ಬಿದ್ದಿದೆಯೇ, ಲಾಂಟಾನ ಎಷ್ಟು ಹಬ್ಬಿದೆ ಎಂದು ಬರೆದಿಟ್ಟು, ಅದೇ ಚೌಕಗಳಿಗೆ ವರ್ಷ ಬಿಟ್ಟು ವರ್ಷ ಮರಳಬೇಕು. ಬುಡಗಳು ಸಾಕಷ್ಟಿದ್ದಲ್ಲಿ ಗುಂಡಿಯೇ ಬೇಡ. ಬೇಲಿ, ಬೆಂಕಿಗೆ ತಡೆ, ಬುಡಕ್ಕೆ ಒಂದೆರಡು ಗಟ್ಟಿ ಕುಡಿ ಉಳಿಸಿ ಮಿಕ್ಕದ್ದನ್ನು ಸವರುವ ಕೆಲಸ, ಇಷ್ಟಕ್ಕೇ ಕಾಡು ಮೇಲೇಳುತ್ತದೆ. ಬುಡಗಳು ತೀರ ವಿರಳವಾದ ಕಡೆ ಮಾತ್ರ ನೆಡಬೇಕು, ಅದೂ ಅದೇ ಬೆಟ್ಟದ ಬೀಜದಿಂದ. ಆಲೆಯ ಜೋಡಿ ಕಾಯಿ ಒಣಗಿ ಬಿರಿದರೆ ರೋಮದ ಕುಚ್ಚಿರುವ ಬೀಜಗಳು ಗಾಳಿಗೆ ಹಾರಿಹೋಗುತ್ತವೆ. ಬಿರಿಯುವ ಮುನ್ನವೇ ಕೊಯ್ದು ಬಟ್ಟೆ ಹೊದಿಸಿ ಒಣಗಿಸಿಕೊಳ್ಳಬೇಕು. ಬದುವಿನಲ್ಲಿ ಬೆಳೆಸುವ ರೈತರಿಗೂ ಇಷ್ಟು ತಿಳಿದರೆ ಅನುಕೂಲ.

ನೆಟ್ಟ ಕಡೆ ಉಳಿದದ್ದನ್ನೂ ಎಣಿಸಬೇಕು. ಈ ಉಳಿವಿನ ಲೆಕ್ಕಕ್ಕೆ ಮಾಗಡಿ ತಾಲ್ಲೂಕಿನಲ್ಲೇ ದೊಡ್ಡ ಉದಾಹರಣೆಯಿದೆ. ಹುಲಿಕಲ್‌ನಿಂದ ಕುದೂರಿನವರೆಗಿನ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಬೆಳೆಸಿದ ಆಲದ ಮರಗಳ ಸಂಖ್ಯೆ 385 ಎಂದು ನಾಡೆಲ್ಲ ಬಲ್ಲದು. ಮೊದಲ ವರ್ಷ ಅವರು ನೆಟ್ಟದ್ದು ಹತ್ತೇ ಸಸಿ, ಮುಂದಿನ ವರ್ಷ ಹದಿನೈದು, ಅದರ ಮುಂದಿನ ವರ್ಷ ಇಪ್ಪತ್ತು. ಕೊಡದಲ್ಲಿ ನೀರು ಹೊತ್ತು, ಮುಳ್ಳು ಕಟ್ಟಿ, ದನಗಳಿಂದ ಕಾದು ತಾವು ಸಾಕಬಲ್ಲಷ್ಟನ್ನೇ ಅವರು ನೆಟ್ಟರು. 2019ರಲ್ಲಿ ಪದ್ಮಶ್ರೀ ಪಡೆದ ತಿಮ್ಮಕ್ಕ 2025ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರ 385 ಎಂಬ ಅಂಕಿ ನೆಟ್ಟ ಸಸಿಗಳದ್ದಲ್ಲ, ನಿಂತ ಮರಗಳದ್ದು. ವನಮಹೋತ್ಸವದ ಅಂಕಿಗಳಲ್ಲಿ ಕಾಣೆಯಾಗಿರುವುದು ಈ ಎರಡನೆಯ ಸಂಖ್ಯೆಯೇ.

2014ರಲ್ಲಿ ಬಂದು 2023ರಲ್ಲಿ ಪರಿಷ್ಕಾರಗೊಂಡ ರಾಷ್ಟ್ರೀಯ ಕಾರ್ಯಯೋಜನಾ ಸಂಹಿತೆಯಂತೆ ಪ್ರತಿ ಅರಣ್ಯ ವಿಭಾಗವೂ ಹತ್ತು ವರ್ಷದ ಯೋಜನೆ ಬರೆಯಬೇಕು. ಮುಂದಿನ ಯೋಜನೆಯಲ್ಲಿ ಈ ನಾಲ್ಕು ತಾಲ್ಲೂಕುಗಳ ಮಟ್ಟಿಗಾದರೂ ಎರಡು ಅಂಕಣಗಳನ್ನು ಸೇರಿಸಬೇಕೆಂದು ಅರಣ್ಯ ಇಲಾಖೆಯನ್ನೂ ಸಂಶೋಧಕ ಮಿತ್ರರನ್ನೂ ಕೋರುತ್ತೇನೆ. ಹೆಕ್ಟೇರಿಗೆ ಇರುವ ಜೀವಂತ ಬುಡಗಳ ಸಂಖ್ಯೆ ಒಂದು, ನೆಟ್ಟು ಐದು ವರ್ಷದ ಮೇಲೆ ಉಳಿದ ಸಸಿಗಳ ಸಂಖ್ಯೆ ಇನ್ನೊಂದು. ಎಣಿಕೆಯ ದಿನ ಚನ್ನಪಟ್ಟಣದ ಕಡಚಲು ಕೆಲಸದವರನ್ನೂ ಜೊತೆಗೆ ಕರೆದುಕೊಂಡು ಹೋಗಬೇಕು. ಆಲೆಯ ಯಾವ ಕುಡಿ ಕೆಲಸಕ್ಕೆ ಬರುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಬೇರಿಲ್ಲ.